ಬೆಳುಗುಪ್ಪದ ಹಾದಿಯಲ್ಲಿ ಕಾರಿನ ವ್ಯಾಪಾರ

ಹಿಂದೂಪುರದಿಂದ ಬೆಳುಗುಪ್ಪಕ್ಕೆ ಹೋಗುವ ಹಾದಿಗಳಲ್ಲಿ ಪಾವಗಡದ ಮೇಲಿನದು ಗಡಿನಾಡಿನ ಸ್ಥಿತಿಯನ್ನು ಚೆನ್ನಾಗಿ ತಿಳಿಸಿಕೊಡುತ್ತದೆ. ಆಂಧ್ರಪ್ರದೇಶದಲ್ಲಿ ಹೊರಟ ಬಂಡಿ ಕೆಲವೇ ಹೊತ್ತಿನಲ್ಲಿ ಕರ್ನಾಟಕವನ್ನು ಹೊಕ್ಕು, ಪಾವಗಡದ ಕೋಟೆಬೆಟ್ಟವನ್ನೂ ಶನೈಶ್ಚರನ ಗುಡಿಯನ್ನೂ ದಾಟಿ, ಮತ್ತೆ ಆಂಧ್ರವನ್ನು ಸೇರಿ ಕಲ್ಯಾಣದುರ್ಗವನ್ನು ಮುಟ್ಟುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಬೆಳುಗುಪ್ಪ. ನೆಲ ಒಂದೇ, ಬೆಳೆ ಒಂದೇ, ಬಿಸಿಲೂ ಒಂದೇ. ಬದಲಾಗುವುದು ದಾರಿಬದಿಯ ಫಲಕಗಳ ಲಿಪಿ ಮತ್ತು ವಾಹನಗಳ ಮೇಲಿನ ಸಂಖ್ಯೆಯ ಮೊದಲೆರಡು ಅಕ್ಷರಗಳು ಮಾತ್ರ. ಆ ಎರಡು ಅಕ್ಷರಗಳಿಂದ ನಮ್ಮ ಕುಟುಂಬಗಳಿಗೆ ಎಷ್ಟು ತೊಡಕಾಗಬಲ್ಲದು ಎಂಬುದನ್ನು ಮುಂದೆ ಹೇಳಲಿದ್ದೇವೆ.

ಬೆಳುಗುಪ್ಪದ ಸುತ್ತಣ ಸೀಮೆ ಮಳೆಯನ್ನು ನೆಚ್ಚಿದ್ದು. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಬೀಳುವ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿಯೇ ರೈತನ ಜೂಜು, ಕಡಲೆಕಾಯಿಯೇ ರೈತನ ಜೀವ. ಹೊಲಗಳ ನಡುವೆ ಈಗ ಗಾಳಿಯಂತ್ರಗಳು ಎದ್ದು ನಿಂತು ನಿಧಾನವಾಗಿ ತಿರುಗುತ್ತಿವೆ. ಈ ಜಿಲ್ಲೆಯೇ ಮೊದಲು ಬಳ್ಳಾರಿಯ ಭಾಗವಾಗಿದ್ದು ೧೮೮೨ರಲ್ಲಿ ಬೇರೆಯಾಯಿತು. ೧೯೫೩ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಮೈಸೂರಿಗೆ ಸೇರಿತು; ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರಕ್ಕೆ ಹೋದವು. ಗೆರೆ ಬಿದ್ದರೂ ನಂಟು ಕಡಿಯಲಿಲ್ಲ. ಮಗಳನ್ನು ಕೊಟ್ಟದ್ದು ಚಳ್ಳಕೆರೆಗೆ, ಸೊಸೆಯನ್ನು ತಂದದ್ದು ಬಳ್ಳಾರಿಯಿಂದ, ಮಗ ದುಡಿಯುವುದು ಬೆಂಗಳೂರಿನಲ್ಲಿ ಎಂಬಂಥ ಮನೆಗಳು ಇಲ್ಲಿ ಬೇಕಾದಷ್ಟಿವೆ. ಇಂಥ ಮನೆಗೆ ಕಾರು ಇಂದು ವೈಭವದ ವಸ್ತುವಲ್ಲ. ಹಬ್ಬಕ್ಕೆ, ಹೆರಿಗೆಗೆ, ಆಸ್ಪತ್ರೆಗೆ, ಸಾವಿಗೆ ಗಡಿ ದಾಟಿ ಹೋಗಬೇಕಾದವರಿಗೆ ಅದು ಅವಶ್ಯಕವೇ ಆಗಿದೆ.

ಕಾರಿನ ತಯಾರಿಕೆಯೂ ಈಗ ದೂರದ ಮಾತಲ್ಲ. ೧೫೬೫ರ ತಾಳಿಕೋಟೆಯ ಯುದ್ಧದ ಬಳಿಕ ವಿಜಯನಗರದ ಅರಸರಿಗೆ ಆಶ್ರಯವಾದ ಪೆನುಕೊಂಡದ ಬಳಿಯಲ್ಲಿಯೇ, ಬೆಂಗಳೂರು–ಹೈದರಾಬಾದು ಹೆದ್ದಾರಿಯ ಪಕ್ಕದ ಎರ್ರಮಂಚಿಯಲ್ಲಿ, ಕೊರಿಯಾ ದೇಶದ ಕಿಯಾ ಕಂಪನಿಯ ಕಾರ್ಖಾನೆ ಇದೆ. ೨೦೧೭ರಲ್ಲಿ ಒಪ್ಪಂದವಾಗಿ ೨೦೧೯ರ ಡಿಸೆಂಬರ್ ೫ರಂದು ವಿಧಿವತ್ತಾಗಿ ಉದ್ಘಾಟನೆಗೊಂಡ ಈ ಕಾರ್ಖಾನೆಯನ್ನು ವರ್ಷಕ್ಕೆ ಮೂರು ಲಕ್ಷ ಕಾರುಗಳನ್ನು ತಯಾರಿಸುವ ಸಾಮರ್ಥ್ಯದೊಡನೆ ಕಟ್ಟಿದರು. ಎತ್ತಿನ ಗಾಡಿಯ ಹಾದಿಯಲ್ಲಿ ಕಾರುಗಳನ್ನು ಹೊತ್ತ ಉದ್ದುದ್ದ ಲಾರಿಗಳು ಸಾಗುವುದನ್ನು ನಮ್ಮ ಹಿರಿಯರು ಬೆರಗಿನಿಂದ ನೋಡುತ್ತಾರೆ. ಆದರೆ ಕಾರ್ಖಾನೆ ಬಾಗಿಲಿಗೆ ಬಂದ ಮಾತ್ರಕ್ಕೆ ಕಾರು ಕೊಳ್ಳುವ ಜಾಣತನವೂ ಬಾಗಿಲಿಗೆ ಬಂದಂತಾಗಲಿಲ್ಲ.

ಹಾಗೆಂದು ನಮ್ಮ ಜನ ವ್ಯಾಪಾರ ಅರಿಯದವರೇನೂ ಅಲ್ಲ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಿ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ: ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ ಎಂದು. ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹೊಟ್ಟೆ ತುಂಬಿ ಕಾಣಲೆಂದು ಉಪ್ಪುನೀರು ಕುಡಿಸಿದ್ದಾರೆಯೇ, ಮುದಿತನ ಮರೆಮಾಚಲು ಕೊಂಬು ಹೆರೆದು ಎಣ್ಣೆ ಸವರಿದ್ದಾರೆಯೇ ಎಂಬುದು ಅವನ ಕಣ್ಣಿಗೆ ತಪ್ಪುವುದಿಲ್ಲ. ಆಮೇಲೆ ದಲ್ಲಾಳಿಯ ಕೈಯನ್ನು ಟವೆಲಿನ ಮರೆಯಲ್ಲಿ ಹಿಡಿದು ಬೆರಳ ಲೆಕ್ಕದಲ್ಲಿ ಬೆಲೆ ಕುದುರಿಸುತ್ತಾನೆ. ಅಲ್ಲಿ ಬೆಲೆ ಮರೆಯಲ್ಲಿದ್ದರೂ ಎತ್ತು ಬಿಸಿಲಲ್ಲಿ ನಿಂತಿರುತ್ತದೆ. ಕಾರಿನ ಅಂಗಡಿಯಲ್ಲಿ ಇದು ತಲೆಕೆಳಗು. ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿರುತ್ತಾರೆ. ಮರೆಯಲ್ಲಿರುವುದು ಉಳಿದ ಸಂಗತಿಗಳು. ಅದೇ ರೈತ ಅಲ್ಲಿ ತಂಪು ಕೊಠಡಿಯಲ್ಲಿ ಕುಳಿತು, ಕೊಟ್ಟ ಕಾಫಿಯನ್ನು ಕುಡಿದು, ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳಿಗೆ ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತಾನೆ.

ಹಿಂದೆ ಕಷ್ಟ ಬೇರೆ ಬಗೆಯದಾಗಿತ್ತು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವನು ಸರದಿ ಬಂದವನಿಗೆ ಮೇಲುಹಣ ಕೊಟ್ಟು ಕೊಳ್ಳಬೇಕು. ೧೯೮೩ರ ಡಿಸೆಂಬರ್ ೧೪ರಂದು ಮೊದಲನೆಯ ಮಾರುತಿ ೮೦೦ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಕೊಳ್ಳುವವರ ಕೈಗಿತ್ತ ಮೇಲೆ ಕ್ರಮೇಣ ಕಾಲ ಬದಲಾಯಿತು. ಈಗ ಕೊಳ್ಳುವವನು ಕಾರಿಗಾಗಿ ಕಾಯುವುದಕ್ಕಿಂತ ಮಾರುವವನೇ ಕೊಳ್ಳುವವನಿಗಾಗಿ ಕಾಯುವುದು ಹೆಚ್ಚು. ಈ ಮಾರಾಟದ ಹುಡುಗರು ಬಹುಪಾಲು ನಮ್ಮ ಊರುಗಳವರೇ. ತಿಂಗಳಿಗೆ ಇಷ್ಟು ಕಾರು ಮಾರಲೇಬೇಕೆಂಬ ಕಟ್ಟಳೆ ಅವರ ತಲೆಯ ಮೇಲಿರುತ್ತದೆ. ಅವರನ್ನು ಹಗೆಗಳೆಂದು ತಿಳಿಯಬೇಕಾಗಿಲ್ಲ. ಆದರೆ “ಅಣ್ಣಾ, ಅಕ್ಕಾ” ಎಂಬ ಅವರ ಮಾತಿನ ಸವಿಯಲ್ಲಿ ನಮ್ಮ ಲೆಕ್ಕ ಕರಗಿಹೋಗಬಾರದು.

ಮೊದಲನೆಯ ಉಪಾಯ ಅವಸರದ್ದು. “ಈ ರಿಯಾಯಿತಿ ಇಂದೇ ಕೊನೆ” ಎಂಬ ಮಾತು ಯುಗಾದಿಗೂ ಇರುತ್ತದೆ, ದಸರೆಗೂ ಇರುತ್ತದೆ, ಪ್ರತಿ ತಿಂಗಳ ಕೊನೆಗೂ ಇರುತ್ತದೆ. ನಿಜವಾದ ಬೆಲೆ ಒಂದು ರಾತ್ರಿ ಮನೆಯವರೊಡನೆ ಯೋಚಿಸುವಷ್ಟು ಹೊತ್ತು ನಿಲ್ಲಲಾರದೆ? ಮುಂಗಡವನ್ನು ಕೊಡುವ ಮುನ್ನ, ಕಾರನ್ನು ಬೇಡವೆಂದರೆ ಅದು ಹಿಂದಿರುಗುವುದೇ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳುವುದು ಲೇಸು.

ಎರಡನೆಯದು ಬೆಲೆಯ ಬಾಲ. ಅಂಗಡಿಯ ಬೆಲೆ ಒಂದು, ರಸ್ತೆಗಿಳಿಯುವ ಹೊತ್ತಿಗೆ ಆಗುವ ಬೆಲೆ ಇನ್ನೊಂದು. ನಡುವೆ ನ್ಯಾಯವಾಗಿ ಸೇರುವವು ಆಜೀವ ತೆರಿಗೆ, ನೋಂದಣಿ, ವಿಮೆ ಮುಂತಾದವು. ಕಾರಿನ ನೋಂದಣಿಗೆ ಕೇಂದ್ರ ನಿಯಮಗಳು ೨೦೧೬ರಲ್ಲಿ ಗೊತ್ತುಪಡಿಸಿದ ಮೂಲ ಶುಲ್ಕ ೬೦೦ ರೂಪಾಯಿ. ಇವುಗಳೊಡನೆ “ನಿರ್ವಹಣೆಯ ವೆಚ್ಚ”, “ಸಾಗಾಣಿಕೆ”, ಮೈಗೆ ಹಚ್ಚುವ ಲೇಪನ, ಬೇಡದ ಬಿಡಿಸಾಮಾನು ಎಂದು ಸಾವಿರ ಸಾವಿರವಾಗಿ ಕೂಡುತ್ತಾ ಹೋಗುತ್ತಾರೆ. ಒಂದೊಂದು ಬಾಬನ್ನೂ ಬೇರೆ ಬೇರೆಯಾಗಿ ಬರೆದು ಕೊಡಿರೆಂದು ಕೇಳಿದರೆ, ಹಲವು ಬಾಬುಗಳು ತಾವಾಗಿಯೇ ಉದುರುತ್ತವೆ. ವಿಮೆಯನ್ನು ತಮ್ಮಲ್ಲಿಯೇ ಮಾಡಿಸಬೇಕೆಂದು ಮಾರಾಟಗಾರನು ಬಲವಂತ ಮಾಡುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ೨೦೧೭ರ ಮಾರ್ಗಸೂಚಿ ಇದನ್ನು ಸ್ಪಷ್ಟಪಡಿಸಿದೆ. ಹೊಸ ಕಾರಿಗೆ ೨೦೧೮ರ ಸೆಪ್ಟೆಂಬರಿನಿಂದ ಮೂರು ವರ್ಷಗಳ ಮೂರನೆಯವರ ವಿಮೆ ಕಡ್ಡಾಯವಾಗಿದೆ. ಅದನ್ನು ಬೇರೆಡೆ ವಿಚಾರಿಸಿ ಬೆಲೆ ಹೋಲಿಸಬಹುದು. ಹಾಗೆಯೇ ೨೦೨೫ರ ಸೆಪ್ಟೆಂಬರ್ ೨೨ರಿಂದ ಚಿಕ್ಕ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದಿದೆ. ಸರಕಾರವು ಇಳಿಸಿದ ತೆರಿಗೆಯನ್ನು ತಾನೇ ಕೊಟ್ಟ ರಿಯಾಯಿತಿಯೆಂದು ಯಾರಾದರೂ ಹೇಳಿಕೊಂಡರೆ ನಗುತ್ತಾ ತಿದ್ದಬಹುದು.

ಮೂರನೆಯದು ಕಂತಿನ ಮಾಯೆ. ನಮ್ಮ ರೈತನಿಗೆ ಹಣ ಬರುವುದು ಸುಗ್ಗಿಗೆ, ಕಂತು ಬರುವುದು ತಿಂಗಳಿಗೆ. ಇದನ್ನು ಬಲ್ಲ ಮಾರಾಟಗಾರನು “ತಿಂಗಳಿಗೆ ಎಷ್ಟು ಕೊಡಬಲ್ಲಿರಿ?” ಎಂದು ಕೇಳುತ್ತಾನೆಯೇ ಹೊರತು “ಒಟ್ಟು ಎಷ್ಟು ಕೊಡುತ್ತೀರಿ?” ಎಂದು ಕೇಳುವುದಿಲ್ಲ. ಎಂಟು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಹತ್ತರಂತೆ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು ೧೭,೦೦೦ ರೂಪಾಯಿ. ಒಟ್ಟು ಕೊಡುವುದು ಸುಮಾರು ೧೦ ಲಕ್ಷ ೨೦ ಸಾವಿರ. ಅದನ್ನೇ ಏಳು ವರ್ಷಕ್ಕೆ ಹಿಗ್ಗಿಸಿದರೆ ಕಂತು ೧೩,೩೦೦ಕ್ಕೆ ಇಳಿಯುತ್ತದೆ, ಆದರೆ ಒಟ್ಟು ೧೧ ಲಕ್ಷ ೧೫ ಸಾವಿರವನ್ನು ದಾಟುತ್ತದೆ. ಹಗುರವಾಗಿ ಕಂಡ ಕಂತಿನ ಬೆಲೆ ಹೆಚ್ಚುಕಡಮೆ ೯೫ ಸಾವಿರ! ಇನ್ನು “ಬರಿಯ ಏಳು ಪರ್ಸೆಂಟು, ಫ್ಲಾಟ್” ಎಂಬ ಮಾತು. ಇದರಲ್ಲಿ ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಹಾಕುತ್ತಾರೆ. ಅದೇ ಎಂಟು ಲಕ್ಷಕ್ಕೆ ಐದು ವರ್ಷದ ಬಡ್ಡಿ ೨ ಲಕ್ಷ ೮೦ ಸಾವಿರವಾಗಿ, ಕಂತು ೧೮,೦೦೦ ಆಗುತ್ತದೆ. ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ಈ ಏಳು ನಿಜವಾಗಿ ಹನ್ನೆರಡೂವರೆ. ಆದ್ದರಿಂದ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ ಅಂಗಡಿಗೆ ಹೋಗುವುದು ಕ್ಷೇಮ.

ನಾಲ್ಕನೆಯದು ವಯಸ್ಸು. ಎತ್ತಿನ ಹಲ್ಲು ಎಣಿಸುವವರು ಕಾರಿನ ಹಲ್ಲನ್ನೂ ಎಣಿಸಬೇಡವೇ? ಹಳೆಯ ವರ್ಷದ ದಾಸ್ತಾನನ್ನು ಹೊಸ ವರ್ಷದಲ್ಲಿ ಹೊಸದೆಂದು ಮಾರುವುದುಂಟು. ಜನರಿಗೆ ಓಡಿಸಿ ತೋರಿಸಿದ ಕಾರನ್ನು ತೊಳೆದು ಕೊಡುವುದೂ ಉಂಟು. ತಯಾರಾದ ತಿಂಗಳು, ವರ್ಷಗಳನ್ನು ಮಾರಾಟದ ಪ್ರಮಾಣಪತ್ರದಲ್ಲಿ ಬರೆದಿರುತ್ತಾರೆ. ಕಾರಿನ ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆಯನ್ನು ಕಾಗದದೊಡನೆ ಹೋಲಿಸಿ, ಓಟದ ಮೀಟರನ್ನು ನೋಡಿದ ಮೇಲೆಯೇ ಉಳಿದ ಹಣವನ್ನು ಕೊಡಬೇಕು.

ಹಳೆಯ ಕಾರನ್ನು ಕೊಳ್ಳುವವರಿಗಂತೂ ಎಚ್ಚರ ಇಮ್ಮಡಿಯಾಗಿರಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಪಟ್ಟಣಗಳಲ್ಲಿ ಸಾಮಾನ್ಯ. ಮೂವತ್ತು ಸಾವಿರ ಕಿಲೋಮೀಟರ್ ಎಂದು ಮೀಟರು ಹೇಳುತ್ತಿರುವಾಗ ಬ್ರೇಕಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಯಾವುದನ್ನು ನಂಬಬೇಕು? ಕಂಪನಿಯ ಸರ್ವೀಸು ದಾಖಲೆಯನ್ನು ಕೇಳಿದರೆ ಸತ್ಯ ಹೊರಬೀಳುತ್ತದೆ. ೨೦೧೫ರಲ್ಲಿ ಚೆನ್ನೈ, ೨೦೨೨ರಲ್ಲಿ ಬೆಂಗಳೂರು ನೆರೆಗೆ ಸಿಕ್ಕಾಗ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದವು. ನೀರು ಹೊಕ್ಕ ಕಾರು ಹೊರಗೆ ಎಷ್ಟೇ ಹೊಳೆದರೂ ಆಸನದ ಅಡಿಯ ತಿರುಪುಮೊಳೆಗಳಲ್ಲಿ ತುಕ್ಕು ಹಿಡಿದಿರುತ್ತದೆ, ಸೀಟಿನ ಬೆಲ್ಟನ್ನು ಪೂರ್ತಿ ಎಳೆದರೆ ಮಣ್ಣಿನ ಕಲೆ ಕಾಣುತ್ತದೆ.

ಈಗ ಆ ಎರಡು ಅಕ್ಷರಗಳ ಮಾತಿಗೆ ಬರೋಣ. ಬಳ್ಳಾರಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕಾರು ಕೊಳ್ಳಲು ಹೋದ ಬೆಳುಗುಪ್ಪದವರಿಗೆ ಒಂದು ವಿಶೇಷ ಆಮಿಷ ಕಾದಿರುತ್ತದೆ: “ನಿಮ್ಮ ನೆಂಟರ ವಿಳಾಸ ಕೊಡಿ, ಇಲ್ಲಿಯ ನಂಬರನ್ನೇ ಹಾಕಿಸುತ್ತೇವೆ.” ಆದರೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ, ಮಾಲೀಕನು ವಾಸಿಸುವ ಅಥವಾ ವ್ಯವಹಾರ ಮಾಡುವ, ವಾಹನವನ್ನು ಸಾಮಾನ್ಯವಾಗಿ ಇರಿಸುವ ರಾಜ್ಯದಲ್ಲಿ ನೋಂದಣಿಯಾಗಬೇಕು. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗೆ ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು, ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಸುಳ್ಳು ವಿಳಾಸದಿಂದ ಉಳಿದಂತೆ ಕಂಡ ಹಣವು ಹೀಗೆ ಹಿಂದಿರುಗಿ ಕೇಳುತ್ತದೆ. ಆ ಹೊತ್ತಿಗೆ ಆಮಿಷ ತೋರಿದವನು ಜೊತೆಗಿರುವುದಿಲ್ಲ. ಕಾಗದದಲ್ಲಿರುವುದು ನೆಂಟರ ವಿಳಾಸ ಮತ್ತು ನಮ್ಮ ಸಹಿ.

ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರುವವರು ಖಾಲಿ ನಮೂನೆ ೨೯, ೩೦ಗಳಿಗೆ ಸಹಿ ಹಾಕಿ ಮರೆತುಬಿಡುತ್ತಾರೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ೨೦೧೮ರಲ್ಲಿ ತೀರ್ಪಿತ್ತಿತು. ಮಾರಿದ ಕಾರು ಎಲ್ಲಿಯೋ ಯಾರಿಗೋ ಡಿಕ್ಕಿ ಹೊಡೆದರೆ ಮನೆಯ ಹೊಲ ಕರಗಬೇಕಾದೀತು. ೨೦೨೩ರ ಏಪ್ರಿಲ್ ೧ರಿಂದ ಹಳೆಯ ವಾಹನಗಳ ಅಧಿಕೃತ ವ್ಯಾಪಾರಿಗಳಿಗೆ ಪ್ರತ್ಯೇಕ ನಿಯಮಗಳು ಬಂದಿವೆ. ಅಂಥ ವ್ಯಾಪಾರಿಗೆ ವಾಹನವನ್ನು ಒಪ್ಪಿಸಿದುದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವ ಏರ್ಪಾಡು ಅವುಗಳಲ್ಲಿದೆ. ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿಯಿತೆಂದು ತಿಳಿಯಲಾಗದು.

ಇಷ್ಟೆಲ್ಲ ಎಚ್ಚರಿಸಿದರೂ ಮೋಸ ಹೋದರೆ ಏನು ಗತಿ? ಗಡಿಯವರಿಗೆ ಇಲ್ಲಿ ಒಂದು ಸಮಾಧಾನದ ಸುದ್ದಿ ಉಂಟು. ೧೯೮೬ರ ಗ್ರಾಹಕ ಕಾಯಿದೆಯಲ್ಲಿ ಬಳ್ಳಾರಿಯಲ್ಲಿ ಕೊಂಡ ಕಾರಿನ ದೂರನ್ನು ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಹೂಡಬೇಕಾಗಿತ್ತು. ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದ ೨೦೧೯ರ ಕಾಯಿದೆಯು ದೂರುದಾರನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಲು ಅವಕಾಶವಿತ್ತಿದೆ. ಬೆಳುಗುಪ್ಪದವರು ಬೆಂಗಳೂರಿನ ಅಂಗಡಿಯ ಮೇಲೆ ಅನಂತಪುರದಲ್ಲಿಯೇ ದೂರು ಹೂಡಬಹುದು. ಐವತ್ತು ಲಕ್ಷದವರೆಗಿನ ಖರೀದಿಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಐದು ಲಕ್ಷದವರೆಗೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ ೨೦೦ ರೂಪಾಯಿ, ಇಪ್ಪತ್ತು ಲಕ್ಷದವರೆಗೆ ೪೦೦ ರೂಪಾಯಿ. ಎರಡು ವರ್ಷದ ಒಳಗೆ ದೂರು ಕೊಡಬೇಕು. ೧೯೧೫ ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆದರೆ ಆಯೋಗಕ್ಕೆ ಬೇಕಾದದ್ದು ಕಾಗದ. ಬಾಯಿಮಾತಿನ ರಿಯಾಯಿತಿಗೆ ಸಾಕ್ಷಿಯಿರುವುದಿಲ್ಲ. ಬರೆದು ಕೊಟ್ಟ ಬೆಲೆಪಟ್ಟಿಗೆ, ರಸೀದಿಗೆ ಉಂಟು.

ನಮ್ಮ ಮನೆಗಳಲ್ಲಿ ಅಜ್ಜ ತೆಲುಗನ್ನು ಓದಬಲ್ಲರು, ಅಜ್ಜಿ ಕನ್ನಡವನ್ನು, ಮೊಮ್ಮಕ್ಕಳು ಇಂಗ್ಲಿಷನ್ನು. ಕಾರು ಕೊಳ್ಳಲು ಹೊರಟಾಗ ಇಂಗ್ಲಿಷು ಬಲ್ಲ ಮೊಮ್ಮಗಳನ್ನೂ, ಎತ್ತಿನ ವ್ಯಾಪಾರ ಬಲ್ಲ ಅಜ್ಜನನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಅವಳು ಪ್ರತಿ ಹಾಳೆಯನ್ನೂ ಗಟ್ಟಿಯಾಗಿ ಓದಿ ಮನೆಮಾತಿನಲ್ಲಿ ಹೇಳಲಿ. ಅವರು ಕೇಳಿಕೊಂಡು ತಲೆದೂಗಲಿ. ಆಮೇಲೆ ಸಹಿ ಹಾಕಿದರಾಯಿತು.