ಅಕ್ಕನ ಮಠ

ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಕನ್ಯಾಸ್ತ್ರೀಯರನ್ನು ನಾವೆಲ್ಲರೂ ಬಲ್ಲೆವು. ಆದರೆ ನನ್ನ ಅಕ್ಕನು ಐದು ವರ್ಷಗಳ ಹಿಂದೆ ಸೇರಿದ ಕಾರ್ಮೆಲ್ ಮಠದವರು ಹೊರಗೆ ಬರುವವರಲ್ಲ. ಪ್ರಾರ್ಥನೆಯೇ ಅವರ ಮುಖ್ಯ ಕಾಯಕ. "ಅದರಿಂದ ಯಾರಿಗೇನು ಪ್ರಯೋಜನ?" ಎಂದು ಹಾಸ್ಟೆಲಿನ ಮಿತ್ರರು ಕೇಳುವುದುಂಟು. ಬಿ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದ ಮಗಳು ಹೊರಟು ನಿಂತಾಗ ನಮ್ಮ ತಂದೆಯವರೂ ಇದನ್ನೇ ಕೇಳಿದ್ದರು.

ಸ್ಪೇನ್ ದೇಶದ ಆವಿಲಾ ನಗರದಲ್ಲಿ ಸಂತ ತೆರೇಸಳು 1562ರಲ್ಲಿ ಸ್ಥಾಪಿಸಿದ ಪುಟ್ಟ ಮಠವು ಈ ಜೀವನಕ್ರಮಕ್ಕೆ ಮೂಲ. ನಮ್ಮ ಮಂಗಳೂರಿಗೆ ಅದು 1870ರಲ್ಲಿ ಫ್ರಾನ್ಸಿನಿಂದ ಬಂದಿತು. ಹಾಗೆ ಬಂದವರಲ್ಲಿ ಗಲಿಲಾಯ ಸೀಮೆಯ ಮರಿಯಂ ಬವಾರ್ಡಿ ಎಂಬ ಅರಬ್ ತರುಣಿಯೂ ಒಬ್ಬಳು. ಅವಳು 1871ರ ನವೆಂಬರಿನಲ್ಲಿ ಮಂಗಳೂರಿನಲ್ಲಿಯೇ ವ್ರತ ಸ್ವೀಕರಿಸಿದಳು. 2015ರಲ್ಲಿ ಪೋಪರು ಅವಳನ್ನು ಸಂತಳೆಂದು ಸಾರಿದರು.

ಮಠದ ದಿನವು ಗಂಟೆಯ ನಾದದಿಂದ ನಡೆಯುತ್ತದೆ. ದಿನಕ್ಕೆ ಏಳು ಸಲ ಎಲ್ಲರೂ ಗುಡಿಯಲ್ಲಿ ಎರಡು ಪಂಕ್ತಿಯಾಗಿ ಎದುರುಬದುರು ಸೇರಿ, ಒಂದು ಚರಣವನ್ನು ಈ ಕಡೆಯವರು, ಮುಂದಿನದನ್ನು ಆ ಕಡೆಯವರು ಎಂಬಂತೆ ಕೀರ್ತನೆಗಳನ್ನು ಹೇಳುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಈ ಪ್ರಾರ್ಥನೆಗೆ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗಳು ಬಂದವು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತುಟಿ ಅಲುಗದ ಮೌನಧ್ಯಾನ. ಇರುಳಿನ ಪ್ರಾರ್ಥನೆ ಮುಗಿದ ಮೇಲೆ ಮುಂಜಾನೆಯವರೆಗೆ ಮಾತಿಲ್ಲ. ಹಾಗೆಂದು ಅಲ್ಲಿ ನಗುವಿಲ್ಲವೆಂದು ತಿಳಿಯಬೇಡಿ. ಊಟದ ಬಳಿಕ ಎಲ್ಲರೂ ಕೂಡಿ ಕುಳಿತು ಹರಟಬೇಕೆಂಬುದು ತೆರೇಸಳೇ ಮಾಡಿದ ಕಟ್ಟಳೆ. ಆಗಲೂ ಕೈಯಲ್ಲಿ ಹೊಲಿಗೆಯೋ ನೂಲೋ ಇರುತ್ತದೆ.

ಗಂಟೆ ಕೇಳಿದೊಡನೆ ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಏಳಬೇಕೆಂಬುದು ಮಠಗಳಲ್ಲಿ ಹಳೆಯ ಸಂಪ್ರದಾಯ. ಇದೇನು ಕಠಿಣವೆಂದು ನನಗೆ ತೋರಿತು. ವರ್ಷಕ್ಕೊಮ್ಮೆ ನೋಡಲು ಹೋದಾಗ, ಸಂದರ್ಶನದ ಕೊಠಡಿಯ ಜಾಲರಿಯ ಆಚೆಯಿಂದ ಅಕ್ಕ ನಕ್ಕು ಹೇಳಿದಳು: "ತಮ್ಮಾ, ಬೇಸರದ ಕೆಲಸವನ್ನು ಬಿಟ್ಟೇಳುವುದು ಸುಲಭ. ಚೆನ್ನಾಗಿ ನಡೆಯುತ್ತಿರುವ ಕೆಲಸವನ್ನು ಬಿಡುವಾಗಲೇ, ಅದು ನನ್ನದಲ್ಲವೆಂದು ತಿಳಿಯುವುದು." ಬಳಿಕ ನೆರೆಮನೆಯವರ ಹೆಸರನ್ನೆಲ್ಲ ಹಿಡಿದು ಅವರ ಕಷ್ಟಸುಖ ವಿಚಾರಿಸಿದಳು. ಅಷ್ಟನ್ನು ಊರಿನಲ್ಲಿದ್ದ ನಾನೂ ವಿಚಾರಿಸಿರಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ರಾತ್ರಿ ತಂದೆಯವರೂ ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆವು. ಇಬ್ಬರಿಗೂ ನಿದ್ದೆಯಿಲ್ಲ, ಆಡಲು ಮಾತೂ ಇಲ್ಲ. ಬೆಳಗಾಗುವುದಕ್ಕೆ ಇನ್ನೂ ಹೊತ್ತಿರುವಾಗ ತಂದೆಯವರು ಗಡಿಯಾರ ನೋಡಿ, "ಈಗ ಅವಳು ಎದ್ದಿರುತ್ತಾಳೆ" ಎಂದರು. ಆಮೇಲೆ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದರು.

ಇದನ್ನು ಪ್ರಮಾಣವೆಂದು ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಒಪ್ಪಲಾರರು. ಆದರೆ ಪ್ರಯೋಜನದ ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅಂದಿನಿಂದ ಯಾರೂ ಎತ್ತಿಲ್ಲ.