ಮೆಣಸಿನಕಾಯಿ ಕಣದಲ್ಲಿ ಸರ್ಫ್‌ಬೋರ್ಡ್

ಬ್ಯಾಡಗಿಯಲ್ಲಿ ಕಡಲಿಲ್ಲ. ಆದರೂ ಕಳೆದ ಫೆಬ್ರವರಿಯಲ್ಲಿ ನಮ್ಮ ಮೆಣಸಿನಕಾಯಿ ಕಣದಲ್ಲಿ ಏಳೂವರೆ ಅಡಿಯ ಸರ್ಫ್‌ಬೋರ್ಡ್ ಒಂದು ಮಲಗಿತ್ತು. ಮಂಗಳೂರಿಗೆ ಮೆಣಸಿನಕಾಯಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ, ನನ್ನ ಪುಸ್ತಕದ ಪೆಟ್ಟಿಗೆಗಳ ಜೊತೆ ಬಂದಿತ್ತು. ಐದು ವರ್ಷದ ಫೆಲೋಶಿಪ್ ಮುಗಿದಿತ್ತು. ಪ್ರಬಂಧ ಮುಗಿದಿರಲಿಲ್ಲ.

2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. 2016ರಲ್ಲಿ ಅಲ್ಲೇ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಆ ತೀರದಲ್ಲೇ ನಾನು ಅಲೆಯ ಮೇಲೆ ಮೊದಲ ಸಲ ನಿಂತದ್ದು. ಬೋರ್ಡು ಸೆಕೆಂಡ್ ಹ್ಯಾಂಡ್. ಹಿಂಗಾಲು ಜಾರದಿರಲೆಂದು ಬಾಲದ ಕಡೆ ಅಂಟಿಸಿದ್ದ ಫೋಮಿನ ಪ್ಯಾಡು ಅಂಚೆದ್ದು, ಅದರಿಂದಲೇ ಒಮ್ಮೆ ಜಾರಿಬಿದ್ದಿದ್ದೆ. ಅದನ್ನು ಕಿತ್ತು, ಚೊಕ್ಕ ಮಾಡಿ, ಬೋರ್ಡನ್ನು ಮಾರಿದರೆ ಎರಡು ತಿಂಗಳ ಖರ್ಚು ಸಾಗುತ್ತಿತ್ತು.

ರಾಣೆಬೆನ್ನೂರಿನ ಬಣ್ಣದಂಗಡಿಯಲ್ಲಿ ಥಿನ್ನರ್ ಕೇಳಿದೆ.

“ಒಳಗ ಏನೈತ್ರಿ?”

“ಥರ್ಮಾಕೋಲ್.”

“ಹಂಗಾದ್ರ ಬ್ಯಾಡ್ರಿ. ಎಲ್ಲೆರ ಬಿರುಕಿದ್ರ ಒಳಗಿಳಿದು ಕರಗಿಸಿಬಿಡ್ತೈತಿ.”

ಬರಿಗೈಯಲ್ಲಿ ಬಂದೆ. ಅವ್ವ ಬಿಸಿಲಿಗಿಡು ಎಂದಳು. ಅಪ್ಪ ಹೊತ್ತು ನೋಡಿಕೊಂಡ. 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಮೆಣಸಿನಕಾಯಿಗೆ ಬೆಲೆ ಖಾರಕ್ಕಿಂತ ಬಣ್ಣಕ್ಕೆ. ಬಿಸಿಲು ಹೆಚ್ಚಾದರೆ ಬಣ್ಣ ಬಿಳಚುತ್ತದೆ. ಬೋರ್ಡಿಗೂ ಅಷ್ಟೆ: ಬಿಸಿಲು ಅಂಟನ್ನು ಮೆತ್ತಗೆ ಮಾಡುತ್ತದೆ, ಅತಿಯಾದರೆ ಒಳಗಿನ ಗಾಳಿ ಹಿಗ್ಗಿ ಮೇಲಿನ ಫೈಬರ್ ಪದರವೇ ಏಳುತ್ತದೆ.

“ಸಾಕವಾ, ನೆರಳಿಗೆ ತಗಿ,” ಎಂದ ಅಪ್ಪ.

ಹಾವೇರಿಯಿಂದ ತಂದ ಗಾಳದ ನೈಲಾನ್ ದಾರವನ್ನು ಪ್ಯಾಡಿನ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಎಳೆದೆವು, ಆ ಕಡೆ ಅಪ್ಪ, ಈ ಕಡೆ ನಾನು. ಪ್ಯಾಡು ಇಡಿಯಾಗಿ ಬಂತು. ಉಳಿದ ಕಂದು ಅಂಟಿಗೆ ಶೇಂಗಾ ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದೆ. ಕಬ್ಬಿಣದ ಬ್ಲೇಡು ಮುಟ್ಟಲಿಲ್ಲ. ಗೀರು ಬಿದ್ದರೆ ಅಲ್ಲಿಂದಲೇ ನೀರಿಳಿಯುತ್ತದೆ. ಕೊನೆಗೆ ಸೋಪಿನ ನೀರಿನಲ್ಲಿ ಜಿಡ್ಡು ತೊಳೆದೆ. ಮೂರು ಮಧ್ಯಾಹ್ನ ಹಿಡಿಯಿತು.

ಕಿತ್ತ ಪ್ಯಾಡಿನಲ್ಲಿ ಒಂದು ಹಿಮ್ಮಡಿಯ ತಗ್ಗಿತ್ತು. ಅಪ್ಪ ಅದರ ಮೇಲೆ ಬೆರಳಾಡಿಸಿ ಕೇಳಿದ: “ಐದು ವರ್ಷ ಓದಾಕ ಹೋಗಿದ್ದೋ, ಇದರ ಮ್ಯಾಲ ನಿಂದ್ರಾಕ ಹೋಗಿದ್ದೋ?”

“ಎರಡಕ್ಕೂ,” ಎಂದೆ. ಬರವಣಿಗೆ ನಿಂತಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಹೇಳಿದೆ. ಅಪ್ಪ ಬೈಯಲಿಲ್ಲ. ಇನ್ನೆಷ್ಟು ಉಳಿದಿದೆ ಎಂದಷ್ಟೇ ಕೇಳಿದ. ಎರಡು ಅಧ್ಯಾಯ ಎಂದೆ.

ಬೋರ್ಡು ಮಾರಾಟವಾಯಿತು. ಅಂಟಿದ್ದ ಜಾಗ ಸ್ವಲ್ಪ ಹಳದಿಯಾಗಿಯೇ ಉಳಿದಿದೆ ಎಂದು ಕೊಂಡವರಿಗೆ ಮೊದಲೇ ಹೇಳಿದ್ದೆ. ಒಂದು ಅಧ್ಯಾಯ ಮುಗಿದಿದೆ. ಪ್ಯಾಡನ್ನು ಅಪ್ಪ ಹೊಸ ಗಮ್ಮು ಹಚ್ಚಿ ಬಚ್ಚಲ ಕಲ್ಲಿಗೆ ಅಂಟಿಸಿದ್ದಾನೆ. ಅವ್ವ ಅಲ್ಲಿ ಎರಡು ಸಲ ಜಾರಿದ್ದಳು.