ಎಲೆ ನೋಡಬೇಡಿ



ಏಪ್ರಿಲ್ 14ರ ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಿದ್ವಿ. ನನ್ನ ತಂಗಿ ಪಂಕ್ತಿಯ ಕೊನೇಲಿ ಕೂತು, ಮುದ್ದೇಲಿ ಕಾಲು ಭಾಗ ಮುರಿದು, ಸಾರಲ್ಲಿ ಅದ್ದಿ ನಿಧಾನಕ್ಕೆ ನುಂಗ್ತಿದ್ಲು. ನಮ್ಮ ಹಿರಿಯ ಸಂಗಾತಿಯೊಬ್ರು ತಮಾಷೆಗೆ, "ಏನವ್ವಾ, ಬಾಬಾಸಾಹೇಬ್ರ ಜಯಂತಿ ದಿನ ಗಾಂಧಿ ಥರ ಉಪವಾಸಾನಾ?" ಅಂದ್ರು. ಎಲ್ಲ ನಕ್ರು. ನಾನೂ ನಕ್ಕೆ. ಅವಳೂ ನಕ್ಕಳು. ಆಮೇಲೆ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಮನೆ ಬರೋವರೆಗೂ ಮಾತಾಡಲಿಲ್ಲ. ಮೂರು ದಿನ ಆ ಕಾಲು ಮುದ್ದೇನೂ ಮುಟ್ಟಲಿಲ್ಲ.

ಅದಕ್ಕೇ ಬರೀತಿದೀನಿ. ಅವಳನ್ನ ಕೇಳೇ ಬರೀತಿದೀನಿ. ಎರಡು ಷರತ್ತು ಹಾಕಿದಾಳೆ. ಹೆಸರು ಹಾಕಬಾರದು, ಎಷ್ಟು ಕೆ.ಜಿ. ಇದಾಳೆ ಅಂತ ಬರೀಬಾರದು. "ಇಪ್ಪತ್ತು ವರ್ಷದಿಂದ ಎಲ್ರೂ ಕೇಳಿದ್ದು ಅದೊಂದೇ ಕಣಣ್ಣ" ಅಂದ್ಲು.

ಕಾಯಿಲೆ ಹೆಸರು ಅನೊರೆಕ್ಸಿಯಾ ನರ್ವೋಸಾ. ಹಸಿವು ಇರುತ್ತೆ, ಎದುರಿಗೆ ಅನ್ನವೂ ಇರುತ್ತೆ, ಆದರೆ ದಪ್ಪ ಆಗಿಬಿಡ್ತೀನಿ ಅನ್ನೋ ಭಯ ಕೈ ಹಿಡಿದು ನಿಲ್ಲಿಸುತ್ತೆ. ಇದು ಸಾಹುಕಾರರ ಮನೆ ಹೆಣ್ಮಕ್ಕಳ ಶೋಕಿ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಸಂಗಾತಿಗಳು ಈಗಲೂ ಅನ್ನೋದು ಅದನ್ನೇ. ಮೊದಲು ನೋಡಿದ ಡಾಕ್ಟರುಗಳಿಗೂ ನಮ್ಮ ಕೇರಿಯ ಹುಡುಗಿ ಸಣ್ಣಗಾದ್ರೆ ಟಿ.ಬಿ. ಅಥವಾ ಜಂತುಹುಳ ಬಿಟ್ಟು ಬೇರೇನೂ ಹೊಳೀಲಿಲ್ಲ. ಕಫ ಪರೀಕ್ಷೆ, ಕಬ್ಬಿಣದ ಟಾನಿಕ್, ಥೈರಾಯ್ಡ್ ಅಂತ ಅಲೆದು ಅಲೆದು, ಕಾಯಿಲೆಗೆ ಹೆಸರು ಸಿಗೋಷ್ಟರಲ್ಲಿ ಮೂರು ವರ್ಷ ಹೋಗಿತ್ತು.

ಶುರುವಾಗಿದ್ದು ಪಿಯುಸಿಯಲ್ಲಿ. ಹಾಸ್ಟೆಲಲ್ಲಿ ಇದ್ಲು. ಕ್ಲಾಸಿನ ಹುಡುಗೀರು "ಪುಕ್ಕಟೆ ಅನ್ನ ತಿಂದು ಹೆಂಗ್ ಊದಿದಾಳೆ ನೋಡು" ಅಂದಿದ್ರಂತೆ. ಆ ಒಂದು ಮಾತೇ ಕಾರಣ ಅಂತ ನಾನು ವರ್ಷಾನುಗಟ್ಟಲೆ ಭಾಷಣದಲ್ಲಿ ಹೇಳಿಕೊಂಡು ಬಂದೆ. ಡಾಕ್ಟರು ತಿದ್ದಿದ್ರು: ಅದೊಂದೇ ಕಾರಣ ಅಲ್ಲ, ಹುಟ್ಟಿನಿಂದ ಬಂದ ಗುಣವೂ ಇರುತ್ತೆ, ಹಸಿವಿಗೇ ಮಿದುಳು ಕೆಟ್ಟು ಕಾಯಿಲೆ ಗಟ್ಟಿಯಾಗುತ್ತೆ ಅಂತ. ಒಪ್ಕೊಂಡಿದೀನಿ. ಆದ್ರೂ ಆ ಮಾತನ್ನ ಮರೆಯೋಕಾಗಿಲ್ಲ.

ಅವ್ವನ ಸಂಕಟ ಬೇರೆ. ಗೌಡರ ಮನೆ ತಂಗಳಿಗೆ ಸೆರಗೊಡ್ಡಿ ನಮ್ಮನ್ನ ಸಾಕಿದವಳು ಅವಳು. ಮಕ್ಕಳು ಹೊಟ್ಟೆ ತುಂಬ ಉಣ್ಣಲಿ ಅನ್ನೋದೇ ಅವಳ ದೊಡ್ಡ ಆಸೆ. ಮಗಳು ತಟ್ಟೆ ಸರಿಸಿದಾಗ ತನ್ನನ್ನೇ ಸರಿಸಿದ ಹಾಗೆ ಆಯ್ತು ಅವಳಿಗೆ. ನಾನು ಇನ್ನೂ ಕೆಟ್ಟದಾಗಿ ನಡ್ಕೊಂಡೆ. "ನಮ್ಮವ್ವ ಉಂಡ ತಂಗಳಿಗೆ ಅವಮಾನ ಮಾಡ್ತಿದೀಯ" ಅಂತ ಕೂಗಾಡ್ದೆ. ಹಸಿವಿನ ಬಗ್ಗೆ ನನಗೆ ಗೊತ್ತಿಲ್ದೇ ಇರೋದು ಏನಿದೆ ಅನ್ನೋ ಅಹಂಕಾರ ನಂದು. ತಮಾಷೆ ಅಂದ್ರೆ, ಮನೇಲಿ ಬಾಡೂಟ ಮಾಡ್ತಿದ್ದದ್ದು ಅವಳೇ. ಎಲ್ಲರಿಗೂ ಬಡಿಸಿ, ತಾನು ಮಾತ್ರ ಪಾತ್ರೆ ತೊಳೆಯೋಕೆ ಹೋಗೋಳು.

ನಾಲ್ಕು ಸಲ ಆಸ್ಪತ್ರೆಗೆ ಸೇರಿಸಿದ್ವಿ. ಮೊದಲ ಸಲ ಎರಡನೇ ದಿನಕ್ಕೇ ನಾನು ಕೋಳಿ ಸಾರು, ಮುದ್ದೆ ಕಟ್ಟಿಸಿಕೊಂಡು ಹೋಗಿ ಬಲವಂತವಾಗಿ ತಿನ್ನಿಸೋಕೆ ಕೂತೆ. ಡ್ಯೂಟಿ ಡಾಕ್ಟರು ಓಡಿ ಬಂದು ಡಬ್ಬಿ ಕಿತ್ಕೊಂಡ್ರು. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಂದೇ ಸಲ ಜಾಸ್ತಿ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ನಿಂತುಬಿಡಬಹುದಂತೆ. ಅನ್ನ ಕೊಟ್ಟೂ ಕೊಲ್ಲಬಹುದು ಅಂತ ಅವತ್ತು ಗೊತ್ತಾಯ್ತು.

ಪ್ರತಿ ಸಲವೂ ತೂಕ ಏರಿತು, ಡಿಸ್ಚಾರ್ಜ್ ಆಯ್ತು, ಆರು ತಿಂಗಳಲ್ಲಿ ಇಳೀತು. ಆಫೀಸಲ್ಲಿ ಹಾಜರಿ ಪುಸ್ತಕ ನೋಡೋ ಹಾಗೆ ನಾನು ತೂಕದ ಚಾರ್ಟು ನೋಡ್ತಿದ್ದೆ. ನಾಲ್ಕನೇ ಸಲ ಆದ್ಮೇಲೆ ಅವಳು ಆಸ್ಪತ್ರೆ ಅಂದ್ರೆ ಬಾಗಿಲು ಹಾಕ್ಕೊಳ್ಳೋಳು. ಅಷ್ಟರಲ್ಲಿ ಮೂಳೆ ಟೊಳ್ಳಾಗಿತ್ತು. ಬಚ್ಚಲಲ್ಲಿ ಸುಮ್ನೆ ಕೈ ಊರಿದ್ದಕ್ಕೆ ಮಣಿಕಟ್ಟು ಮುರೀತು, ಆಗ ಅವಳಿಗೆ ಮೂವತ್ಮೂರು.

ಆಮೇಲೆ ಸಿಕ್ಕ ಮನಶ್ಶಾಸ್ತ್ರಜ್ಞೆ ಮೊದಲ ದಿನ ತೂಕದ ಮಾತೇ ಎತ್ತಲಿಲ್ಲ. "ನಿಮಗೆ ಏನು ಮಾಡ್ಬೇಕು ಅನ್ಸುತ್ತೆ?" ಅಂತ ಕೇಳಿದ್ರು. ತಂಗಿ ತುಂಬ ಹೊತ್ತು ಸುಮ್ನಿದ್ದು, "ಕೇರಿ ಮಕ್ಕಳಿಗೆ ಟ್ಯೂಷನ್ ಮಾಡ್ಬೇಕು. ಒಂದು ಮದುವೇಲಿ ಯಾರೂ ನನ್ನ ಎಲೆ ನೋಡದ ಹಾಗೆ ಕೂತು ಎದ್ದು ಬರಬೇಕು" ಅಂದ್ಲು.

ನಂಗೆ ಕೋಪ ಬಂತು. ಇದು ಕೈಚೆಲ್ಲೋದಲ್ವಾ? ನಮ್ಮೋರಿಗೆ ಸಿಗೋ ಅರೆಬರೆ ಚಿಕಿತ್ಸೆಗೇ ಚಂದದ ಹೆಸರು ಇಟ್ಟಿದಾರಾ? ಜಗಳಾನೇ ಆಡ್ದೆ. ಅವರು ತಾಳ್ಮೆಯಿಂದ ವಿವರಿಸಿದ್ರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕನಿಷ್ಠ ಏಳು ವರ್ಷದಿಂದ ಈ ಕಾಯಿಲೆ ಇದ್ದ 63 ಜನಕ್ಕೆ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನಲ್ಲಿ ಹೀಗೇ ಚಿಕಿತ್ಸೆ ಕೊಟ್ಟಿದ್ರಂತೆ. ತೂಕಕ್ಕಿಂತ ಬದುಕು ಮುಂದೆ. ಸಾಮಾನ್ಯವಾಗಿ ಅರ್ಧಕ್ಕೇ ಬಿಟ್ಟು ಓಡೋ ರೋಗಿಗಳಲ್ಲಿ ಹೆಚ್ಚಿನವರು ಕೊನೇವರೆಗೂ ಉಳಿದ್ರು, ಬದುಕೂ ಸುಧಾರಿಸ್ತು, ತೂಕವೂ ಒಂಚೂರು ಏರಿತು. ಬಾಸ್ಟನ್ನಿನ ಇನ್ನೊಂದು ಅಧ್ಯಯನದಲ್ಲಿ ಒಂಬತ್ತನೇ ವರ್ಷಕ್ಕೆ ಮೂವರಲ್ಲಿ ಒಬ್ಬರಷ್ಟೇ ಗುಣವಾಗಿದ್ರು, 22ನೇ ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು. ಅಂದ್ರೆ ತಡವಾಗಿಯೂ ಗುಣವಾಗ್ತಾರೆ, ಅಲ್ಲೀವರೆಗೂ ಬದುಕೋಕೆ ಒಂದು ಬದುಕು ಇರಬೇಕಲ್ಲ ಅಂದ್ರು. ಒಂದು ಗೆರೆ ಮಾತ್ರ ಕಟ್ಟುನಿಟ್ಟು: ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಪೊಟ್ಯಾಸಿಯಂ ಇಳಿದ್ರೆ ಮರುಮಾತಿಲ್ದೆ ಅಡ್ಮಿಟ್. ತಂಗಿ ಅದಕ್ಕೆ ಒಪ್ಪಿದಾಳೆ.

ಈಗ ಐದನೇ ವರ್ಷ. ಗುಣವಾಗಿಲ್ಲ. ಸಂಜೆ ಹದಿನಾಲ್ಕು ಮಕ್ಕಳು ನಮ್ಮ ಜಗಲಿ ಮೇಲೆ ಕೂತು ಮಗ್ಗಿ ಹೇಳ್ತಾರೆ. ಕಾಲು ಮುದ್ದೆ ಅವಳ ದಿನದ ಲೆಕ್ಕದಲ್ಲಿ ದೊಡ್ಡದು. ಅವತ್ತು ನೂರು ಜನರ ಮಧ್ಯೆ ಅದನ್ನ ಉಣ್ಣೋಕೆ ಅವಳು ಒಂದು ವಾರದಿಂದ ಮನಸ್ಸು ಗಟ್ಟಿ ಮಾಡ್ಕೊಂಡಿದ್ಲು.

ಒಂದೇ ಎಲೆಯ ಸಾಲಲ್ಲಿ ಕೂರೋಕೆ ನಮ್ಮ ಹಿರಿಯರು ಎಷ್ಟು ಹೊಡೆದಾಡಿದಾರೆ ಅಂತ ನಿಮಗೆ ಹೇಳ್ಬೇಕಿಲ್ಲ. ಅವಳು ಮುಂದಿನ ಕಾರ್ಯಕ್ರಮಕ್ಕೂ ಬರ್ತೀನಿ ಅಂದಿದಾಳೆ. ಪಕ್ಕದಲ್ಲಿ ಕೂತವರು ಮಳೆ ಬಗ್ಗೆ ಮಾತಾಡಿ, ಒಳಮೀಸಲಾತಿ ಬಗ್ಗೆ ಜಗಳ ಆಡಿ, ಮಕ್ಕಳ ಟ್ಯೂಷನ್ ಬಗ್ಗೆ ಕೇಳಿ. "ಸಣ್ಣಗಾಗಿದೀಯ", "ದಪ್ಪ ಆಗಿದೀಯ, ಒಳ್ಳೇದಾಯ್ತು", ಎರಡೂ ಬೇಡ.

ಬರೆದದ್ದನ್ನ ಅವಳಿಗೆ ಓದಿ ಹೇಳ್ದೆ. "ಆ ಅಣ್ಣನ ಹೆಸರೂ ಹಾಕ್ಬೇಡ, ಅವರಿಗೇನ್ ಗೊತ್ತಿತ್ತು ಪಾಪ" ಅಂದ್ಲು. ಹಾಕಿಲ್ಲ.

ಜೈಭೀಮ್.